ಒಂಬತ್ತಕ್ಕೆ ಒಂಬತ್ತು

ಜನವರಿ 9, ಬೆಳಿಗ್ಗೆ 6.40

ಇವತ್ತೂ ಅದೇ. ನೀರು ಇನ್ನೂರು ಎಂಎಲ್, ಮಾಲ್ಟ್ ಮೂವತ್ತು ಗ್ರಾಂ, ಕುದಿ ಬಂದ ಮೇಲೆ ನಾಲ್ಕು ನಿಮಿಷ. ಲೋಟ ಅಕ್ಷತಾ ಕೈಗೆ ಕೊಟ್ಟು ಎದುರಿಗೇ ನಿಂತೆ.

"ಹೇಗಿದೆ?"

"ಚೆನ್ನಾಗಿದೆ ರೀ. ಬಿಸಿ ಇದೆ, ಬಾಲ್ಕನೀಲಿ ಕೂತು ನಿಧಾನವಾಗಿ ಕುಡೀತೀನಿ."

ಐದನೇ ತಿಂಗಳು. ಹಿಮೋಗ್ಲೋಬಿನ್ 9.4. ಹನ್ನೊಂದಾದರೂ ಇರಬೇಕು ಅಂತಾರೆ ಡಾಕ್ಟರು. ಮಾತ್ರೆ ನುಂಗಿದರೆ ವಾಂತಿ. ಪುಣ್ಯಕ್ಕೆ ಗಂಡನ ಕಸುಬೇ ಕಬ್ಬಿಣ! ಎರಡು ವರ್ಷ ಕೂತು ನಾನೇ ಕಟ್ಟಿದ ರೆಸಿಪಿ — ಕಬ್ಬಿಣಾಂಶ ಬೆರೆಸಿದ ಸಿಹಿ ರಾಗಿ ಮಾಲ್ಟ್. ಊರಿಗೆಲ್ಲ ಕಬ್ಬಿಣದ ಕಡಲೆ, ನನಗೆ ಕಬ್ಬಿಣದ ರಾಗಿ.

ಬಟವಾಡಿಯ ನಮ್ಮ ಫೀಲ್ಡ್ ಆಫೀಸಿಗೆ ಸಂಶೋಧನಾ ಪರಿಷತ್ತಿನಿಂದ ಹೊಸ ಬೋರ್ಡು ಬಂದಿದೆ. 'ಸಮಾಜಕ್ಕಾಗಿ ವಿಜ್ಞಾನ'. ಮೊಳೆ ಮಾತ್ರ ಬಂದಿಲ್ಲ. ಸದ್ಯಕ್ಕೆ ಗೋಡೆಗೆ ಒರಗಿಕೊಂಡಿದೆ, ನನ್ನ ಹಾಗೆ.

ಜನವರಿ 17

ಗುಬ್ಬಿ ಬಸ್ಸು, ಅಲ್ಲಿಂದ ಸಿ.ಎಸ್. ಪುರದ ಕಡೆ ಆಟೋ. ಅಂಗನವಾಡಿಯಲ್ಲಿ ಹದಿನಾಲ್ಕು ಬಸುರಿಯರು, ಜೊತೆಗೆ ಅಷ್ಟೇ ಅತ್ತೆಯರು. ಸೇರಿಸಿದ್ದು ಆಶಾ ಕಾರ್ಯಕರ್ತೆ ಮಂಜುಳಮ್ಮ.

ಫಾರ್ಮಿನಲ್ಲಿ ಒಂಬತ್ತು ಮುಖ. ಮೊದಲನೆಯದು ಅಳುಮುಖ, ಒಂಬತ್ತನೆಯದು ಹಲ್ಲು ಕಿರಿಯುವುದು. ರಾವಣನಿಗೆ ಒಂದು ಕಮ್ಮಿ. ಕುಡಿದು ಯಾವ ಮುಖ ಅಂತ ತೋರಿಸಬೇಕು. ಸರಾಸರಿ ಏಳು ದಾಟಿದರೆ ಸತ್ಯಮಂಗಲದ ಮಿಲ್ಲಿನಲ್ಲಿ ಎರಡು ಟನ್ ತಯಾರಿ, ಮೂರು ತಾಲ್ಲೂಕಿನ ಬಸುರಿಯರಿಗೆ ಹಂಚಿಕೆ. ಮಾರ್ಚ್ 31ಕ್ಕೆ ಮುಗಿಯುವ ನನ್ನ ಕೆಲಸಕ್ಕೂ ಇನ್ನೆರಡು ವರ್ಷ ಆಯಸ್ಸು.

"ಒಂಬತ್ತೇ ಬರ್ಕೊಳಿ ಸಾರ್."

"ಕುಡಿದು ಹೇಳಿ ತಾಯಿ."

"ಕುಡಿಯೋದೇನ್ ಬುಡಿ, ಅಷ್ಟು ದೂರದಿಂದ ಹೊತ್ಕೊಂಡ್ ಬಂದಿದ್ದೀರ."

ಹದಿನಾಲ್ಕು ಫಾರ್ಮು. ಹದಿಮೂರು ಒಂಬತ್ತು, ಒಂದು ಎಂಟು. ಎಂಟು ಕೊಟ್ಟವಳ ತೊಡೆಗೆ ಅವಳ ಅತ್ತೆ ಚಿಕ್ಕಗಂಗಮ್ಮ ಚಿವುಟಿದರು. ಅದೂ ಒಂಬತ್ತಾಯಿತು.

ಜನವರಿ 30

ಕುಣಿಗಲ್ ಕಡೆಯ ಎರಡು ಊರು. ಒಂಬತ್ತು, ಒಂಬತ್ತು, ಒಂಬತ್ತು... ನವಗ್ರಹಗಳೆಲ್ಲ ಒಂದೇ ಮನೆಯಲ್ಲಿ. ಸರಾಸರಿ 8.9.

ಫೋನಿನಲ್ಲಿ ಉಮಾಮಹೇಶ್ವರಿ ಮೇಡಂ — ಪ್ರಾಜೆಕ್ಟಿನ ಹಿರಿಯ ವಿಜ್ಞಾನಿ — "ವೆರಿ ಗುಡ್, ಸಂಗಮೇಶ್. ಫೆಬ್ರವರಿ 28ಕ್ಕೆ ರಿಪೋರ್ಟ್ ಕಳಿಸಿಬಿಡು."

ಖುಷಿಯಾಗಬೇಕಿತ್ತು. ಬಸ್ಸಿನಲ್ಲಿ ಕೂತಿದ್ದಷ್ಟೂ ಹೊತ್ತು ಕಾಲು ಅಲ್ಲಾಡಿಸುತ್ತಲೇ ಇದ್ದೆ. ಪಕ್ಕದವರು ತೊಡೆಯ ಮೇಲೆ ಕೈಯಿಟ್ಟು ನಿಲ್ಲಿಸಿದರು.

ಫೆಬ್ರವರಿ 6, ಸಂಜೆ

ಅಕ್ಷತಾ ರಿಪೋರ್ಟು ಬಂತು. 9.1.

ಏರಬೇಕಾದದ್ದು ಇಳಿದಿದೆ. ನಾಲ್ಕು ವಾರ, ದಿನಾ ಒಂದು ಲೋಟ... ಹಾಗಾದರೆ ನನ್ನ ಕಬ್ಬಿಣ ಎಲ್ಲಿ ಹೋಯಿತು? ಮುಂದಿನ ಟೆಸ್ಟು ಮಾರ್ಚ್ 10. ಆಗಲೂ ಏರದಿದ್ದರೆ ಕಬ್ಬಿಣದ ಡ್ರಿಪ್ ಅಂದಿದ್ದಾರೆ ಡಾಕ್ಟರು.

ಫೆಬ್ರವರಿ 11

ಇವತ್ತು ಒಂದು ಕಿತಾಪತಿ ಮಾಡಿದೆ. ಸಿ.ಎಸ್. ಪುರದ ಕಡೆಯ ಅದೇ ಅಂಗನವಾಡಿ. ಎರಡು ಪಾತ್ರೆ, ಮೇಲೆ ಬರೀ ನಂಬರು. 206ನೇ ನಂಬರಿನದು ಎಂದಿನ ಮಾಲ್ಟ್. 417ರಲ್ಲಿ ಅದೇ ಮಾಲ್ಟ್, ಜೊತೆಗೆ ಒಂದು ಹಿಡಿ ಉಪ್ಪು.

417 ಬಾಯಿಗಿಟ್ಟವರ ಹುಬ್ಬು ಒಂದು ಸಲ ಮೇಲೆ ಹೋಗಿ ಇಳಿಯಿತು. ಅಷ್ಟೇ.

206: ಒಂಬತ್ತು. 417: ಒಂಬತ್ತು.

"ಅಜ್ಜಿ, ನಿಜ ಹೇಳಿ. ಉಪ್ಪು ಜಾಸ್ತಿಯಾಗಿಲ್ವಾ?"

ಚಿಕ್ಕಗಂಗಮ್ಮ ನನ್ನ ಮುಖವನ್ನೇ ನೋಡಿದರು. "ಮುಂದಿಟ್ಟ ಅನ್ನಕ್ಕೆ ಹೆಸರಿಡೋ ಬುದ್ಧೀನ ನಮ್ಮಪ್ಪ ನಂಗೆ ಕಲಿಸ್ಲಿಲ್ಲ ಕಣಪ್ಪ. ನಿಂಗೆ ಯಾರ್ ಕಲಿಸುದ್ರು?"

ವಾಪಸ್ ಬರುತ್ತಾ ಲೆಕ್ಕ ಹಾಕಿದೆ. ಉಪ್ಪಿಗೂ ಒಂಬತ್ತಾದರೆ 8.9ರ ಬೆಲೆ ಸೊನ್ನೆ. ಇದನ್ನು ಬರೆದರೆ ಎರಡು ಟನ್ ಇಲ್ಲ, ನನ್ನ ಎರಡು ವರ್ಷವೂ ಇಲ್ಲ. ಸತ್ಯ ಹೇಳಿದರೆ ಮಂಗಳ ಹಾಡಬೇಕು. ಸತ್ಯಮಂಗಲ ಅಂದರೆ ಇದೇ ಇರಬೇಕು.

ಬರೆಯದಿದ್ದರೆ? ಅದನ್ನು ಯಾರು ಕೇಳುತ್ತಾರೆ...

ಫೆಬ್ರವರಿ 13, ಬೆಳಿಗ್ಗೆ

ಬಾಲ್ಕನಿಯ ಕರಿಬೇವಿನ ಕುಂಡ. ಗಿಡ ಸೊಂಪಾಗಿದೆ. ಬುಡದಲ್ಲಿ ಕಂದು ಹೆಪ್ಪು, ಹಪ್ಪಳದ ಹಾಗೆ ಬಿರಿದು ನಿಂತಿದೆ. ಇರುವೆ ಸಾಲು. ಬೆರಳಲ್ಲಿ ಕೆರೆದು ಮೂಸಿದೆ. ನನ್ನದೇ ಮಾಲ್ಟ್. ಮೂಸಬೇಕಾಗಿರಲಿಲ್ಲ.

ಕೈ ತೊಳೆದು ಆಫೀಸಿಗೆ ಹೊರಟೆ.

ಅದೇ ದಿನ, ಮಧ್ಯಾಹ್ನ

ಆಫೀಸಿನಲ್ಲಿ ದಿನಕ್ಕೆ ಇಪ್ಪತ್ತು ಸಲ ರುಚಿ ನೋಡುತ್ತೇನೆ. ಒಂದು ಚಮಚ, ಬಾಯಾಡಿಸುವುದು, ಉಗುಳುವುದು, ನೀರು. ನಿಯಮವೇ ಹಾಗೆ. ಎರಡು ವರ್ಷದಲ್ಲಿ ಒಂದೇ ಒಂದು ಲೋಟ ಪೂರ್ತಿ ಕುಡಿದಿಲ್ಲ.

ಇವತ್ತು ಕುಡಿದೆ. ಮೊದಲ ಗುಟುಕು ಏಲಕ್ಕಿ, ಸಕ್ಕರೆ — ಪರವಾಗಿಲ್ಲ. ನಾಲ್ಕನೆಯದಕ್ಕೆ ಬಾಯಲ್ಲಿ ಹಳೇ ಮೊಳೆ. ಅರ್ಧ ಲೋಟಕ್ಕೆ ಗಂಟಲು 'ಬೇಡ' ಅಂತು. ಮುಗಿಸಿದೆ. ಸಿಂಕಿನವರೆಗೆ ಓಡಿದೆ. ಬೋರ್ಡಿಗೆ ಬೇಕಾಗಿದ್ದ ಮೊಳೆ ಸಿಕ್ಕ ಹಾಗಾಯಿತು.

ಫೆಬ್ರವರಿ 14

ಪ್ರೇಮಿಗಳ ದಿನ. ಬಾಲ್ಕನಿಯಲ್ಲಿ ಕುಂಡದ ಪಕ್ಕ ಕೂತೇ ಮಾತೆತ್ತಿದೆ. ಅಕ್ಷತಾ ಅತ್ತುಬಿಟ್ಟಳು. ಆಮೇಲೆ ಬೈದಳು.

"ಎರಡು ವರ್ಷ ಇದಕ್ಕೇ ಒದ್ದಾಡಿದ್ದೀರ. ಲೋಟ ಕೊಟ್ಟು, ಲಾಟರಿ ನಂಬರ್ ಓದ್ತಾರೇನೋ ಅನ್ನೋ ಹಾಗೆ ನನ್ನ ಮುಖಾನೇ ನೋಡ್ತೀರ. ಹೆಂಗ್ರೀ ಹೇಳೋದು, ಚೆನ್ನಾಗಿಲ್ಲ ಅಂತ?"

"ಮಗೂಗೋಸ್ಕರನಾದ್ರೂ..."

"ಮಗೂಗೋಸ್ಕರ ಎರಡು ದಿನ ಕುಡಿದೆ. ಎರಡು ದಿನವೂ ವಾಂತಿ. ನೀವೇನು ಕಮ್ಮಿನಾ? ನಮ್ಮಮ್ಮನ ಉಪ್ಪಿಲ್ಲದ ಸಾರನ್ನ ಊಟ ಮುಗಿಯೋದ್ರಲ್ಲಿ ಮೂರು ಸಲ ಹೊಗಳ್ತೀರ."

"ಹೊಗಳ್ತೀನಿ ಕಣೇ. ಯಾವತ್ತಾದ್ರೂ ಎರಡನೇ ಸಲ ಹಾಕಿಸ್ಕೊಂಡಿದ್ದೀನಾ?"

ಕೆಳಗೆ ಸೊಪ್ಪಿನವನು ಕೂಗಿಕೊಂಡು ಹೋದ.

ಫೆಬ್ರವರಿ 18

ಅದೇ ಅಂಗನವಾಡಿ. ಈ ಸಲ ಫಾರ್ಮಿಲ್ಲ, ಮುಖಗಳಿಲ್ಲ. ಮೊದಲ ಲೋಟ ನಾವೇ ಬಡಿಸಿದೆವು. ಪಾತ್ರೆಯಲ್ಲಿ ಮೂರು ಲೀಟರು ಉಳಿಯಿತು. ಸೌಟು ಅದರಲ್ಲೇ ಬಿಟ್ಟು, "ಬೇಕಾದಷ್ಟು ಹಾಕ್ಕೊಳಿ, ಈಗ ಬಂದ್ವಿ" ಅಂತ ನಾನೂ ಮಂಜುಳಮ್ಮನೂ ಅರಳಿಕಟ್ಟೆಗೆ ಹೋಗಿ ಕೂತೆವು.

"ಯಾಕ್ ಸಾರ್ ಹಿಂಗೆ ಒದ್ದಾಡ್ತೀರ? ಕೂತ್ಕೊಳಿ."

"ಕೂತೇ ಇದೀನಲ್ಲ."

"ಕೂತ್ಕೊಂಡೇ ಒದ್ದಾಡ್ತಾ ಇದೀರ."

ಅರ್ಧ ಗಂಟೆ ಬಿಟ್ಟು ಹೋಗಿ ಅಳೆದೆ. ಮೂರು ಲೀಟರು. ಒಂದು ತೊಟ್ಟು ಕಮ್ಮಿಯಿಲ್ಲ.

ಇವತ್ತು ಸಿಕ್ಕಿದ್ದು ಎರಡು ವರ್ಷದಲ್ಲೇ ಮೊದಲ ನಿಜವಾದ ಅಂಕಿ. ಅಳು ಬಂತೋ ನಗು ಬಂತೋ.

ಹೊರಡುವಾಗ ಮಾಲ್ಟ್ ಸುದ್ದಿ ಎತ್ತದೆ ಚಿಕ್ಕಗಂಗಮ್ಮನನ್ನು ಕೇಳಿದೆ. "ಅಜ್ಜಿ, ನಿಮ್ಮ ಸೊಸೆ ಏನು ಕೇಳಿ ಕೇಳಿ ತಿಂತಾಳೆ?"

ಬಾಯಿ ತೆರೆದರು ನೋಡು! "ಅಯ್ಯೋ, ಬೆಳಗಾದ್ರೆ ಹುಣಸೆಕಾಯಿ ಹುಡುಕ್ಕೊಂಡು ಓಡಾಡ್ತಾಳೆ. ವಾಂತಿ ಬರೋಳ್ಗೆ ಸಿಹಿ ಸೇರ್ತದಾ? ಉಪ್ಪು, ಹುಳಿ, ಒಂದೀಟು ಖಾರ ಹಾಕಿ ಅಂಬಲಿ ಮಾಡ್ಕೊಟ್ರೆ ಚೊಂಬುಗಟ್ಲೆ ಕುಡೀತಾಳೆ. ಮ್ಯಾಲೆ ಒಂದೀಟು ಮಜ್ಜಿಗೆ ಬುಡಬೇಕು."

"ಮಜ್ಜಿಗೆ ಹಾಕಿದ್ರೆ ಕಬ್ಬಿಣ ಮೈಗೆ ಹತ್ತಲ್ಲ ಅಜ್ಜಿ."

"ಹಂಗಾರೆ ನಿಂಬೆಹುಳಿ ಹಿಂಡು. ಅದಕ್ಯಾಕೆ ಇಷ್ಟೊಂದು ಓದ್ಬೇಕು?"

ಹುಳಿ ಇದ್ದರೆ ಕಬ್ಬಿಣ ಬೇಗ ಮೈಗೆ ಹತ್ತುತ್ತದೆ. ಪಠ್ಯಪುಸ್ತಕದಲ್ಲಿ ನಾನೇ ಗೆರೆ ಎಳೆದಿದ್ದ ಸಾಲು. ಎಳೆದು, ಪಾಸಾಗಿ, ಮರೆತಿದ್ದೆ.

ಫೆಬ್ರವರಿ 27

ನಿನ್ನೆ ಶಿವರಾತ್ರಿ ಉಪವಾಸ. ಇವತ್ತು ರಿಪೋರ್ಟ್ ಕಳಿಸಿದೆ. 8.9 ಇದೆ, ಉಪ್ಪೂ ಇದೆ, ಮೂರು ಲೀಟರೂ ಇದೆ, ಅಜ್ಜಿಯ ಹುಳಿ ಅಂಬಲಿಯ ಒಂದು ಸಾಲೂ ಇದೆ. ಕೊನೆಯ ಸಾಲು: 'ಈ ಉತ್ಪನ್ನ ಹಂಚಿಕೆಗೆ ಯೋಗ್ಯವಲ್ಲ.' ಕೆಳಗೆ ನನ್ನ ಸಹಿ.

ಹತ್ತೇ ನಿಮಿಷಕ್ಕೆ ಮೇಡಂ ಫೋನು.

"ಉಪ್ಪು ಹಾಕೋದು ಪ್ರೋಟೋಕಾಲ್‌ನಲ್ಲಿ ಎಲ್ಲಿತ್ತು?"

"ಪ್ರೋಟೋಕಾಲ್‌ನಲ್ಲಿರಲಿಲ್ಲ ಮೇಡಂ. ಲೋಟದಲ್ಲಿತ್ತು."

"ಜೋಕ್ ಬೇಡ. ನಿಮ್ಮ ಮನೆಯವರು ದಿನಾ ಕುಡೀತಾರೆ ಅಂದಿದ್ದೆಯಲ್ಲ?"

"ಕರಿಬೇವು ಕುಡೀತಿತ್ತು ಮೇಡಂ. ಚೆನ್ನಾಗಿದೆ."

"ಎಕ್ಸ್‌ಟೆನ್ಷನ್ ವಿಷಯ ನಾನೇನೂ ಹೇಳಕ್ಕಾಗಲ್ಲ, ಸಂಗಮೇಶ್." ಫೋನ್ ಇಡುವ ಮೊದಲು, "ಆ ಹುಳಿ ಅಂಬಲಿದು... ಬರೆದು ಕಳಿಸು."

ಮಾರ್ಚ್ 5, ಬೆಳಿಗ್ಗೆ 7.10

ಎಕ್ಸ್‌ಟೆನ್ಷನ್ ಸುದ್ದಿಯಿಲ್ಲ. ಬೋರ್ಡು ಇನ್ನೂ ಒರಗಿಕೊಂಡೇ ಇದೆ.

ಐದು ದಿನದಿಂದ ಅಡುಗೆಮನೆಯೇ ಲ್ಯಾಬು. ಸಕ್ಕರೆ, ಏಲಕ್ಕಿಗೆ ರಜೆ. ಕಬ್ಬಿಣ ಮೊದಲಿನಷ್ಟೇ; ಜೊತೆಗೆ ಉಪ್ಪು, ಜೀರಿಗೆ, ಅರ್ಧ ಹಸಿಮೆಣಸು, ಇಳಿಸಿದ ಮೇಲೆ ನಿಂಬೆಹುಳಿ. ನಾನೇ ಒಂದು ಲೋಟ ಪೂರ್ತಿ ಕುಡಿದೆ. ಸಿಂಕಿನ ಕಡೆ ಹೋಗಲಿಲ್ಲ. ಆದರೆ ನಾನು ಬಸುರಿಯಲ್ಲವಲ್ಲ.

ಇವತ್ತು ಅವಳಿಗೆ. ಪಾತ್ರೆ ಕಟ್ಟೆಯ ಮೇಲಿಟ್ಟು, ಸೌಟು ಅದರಲ್ಲೇ ಬಿಟ್ಟು, ಹೊರಗಿನ ಕೋಣೆಗೆ ಬಂದು ಬಾಗಿಲ ಕಡೆ ಬೆನ್ನು ಹಾಕಿ ಕೂತಿದ್ದೇನೆ. ಕೈಗೆ ಕೆಲಸ ಬೇಕು, ಅದಕ್ಕೇ ಇದು ಬರೆಯುತ್ತಿರುವುದು. ಕಾಲು ಅಲ್ಲಾಡುತ್ತಿದೆ.

"ರೀ, ಬಂದು ಹೇಗಿದೆ ಅಂತ ಕೇಳಲ್ವಾ?"

"ಇಲ್ಲ."

"ಇಣುಕಿ ಕೂಡ ನೋಡಲ್ವಾ?"

"ಇಲ್ಲಮ್ಮ."

ಬಾಲ್ಕನಿ ಬಾಗಿಲು ಕಿರುಗುಟ್ಟುತ್ತದೆ, ತೆಗೆದರೆ ಗೊತ್ತಾಗುತ್ತದೆ. ಇನ್ನೂ ಕಿರುಗುಟ್ಟಿಲ್ಲ. ಲೋಟ ಕಟ್ಟೆಯ ಮೇಲೆ ಇಟ್ಟ ಸದ್ದು. ಖಾಲಿಯೋ, ಅರ್ಧವೋ? ಸದ್ದಿನಲ್ಲಿ ಗೊತ್ತಾಗದು. ನಲ್ಲಿ ತಿರುಗಿಸಿಲ್ಲ. ಓಡಿಲ್ಲ. ಏನು ಮಾಡುತ್ತಿದ್ದಾಳೆ... ತಿರುಗಿ ನೋಡಬಾರದು. ನೋಡಬಾರದು.

ಸೌಟು ಪಾತ್ರೆಗೆ ತಾಗಿತು. ಅವಳು ಮತ್ತೆ—