ಕಂದೀಲು ಉರಿದರೆ ಇಳಿಯಬಹುದು

೬ ಅಕ್ಟೋಬರ್ ೧೯೭೫, ಸೋಮವಾರ

ಗೋಡೌನಿನಲ್ಲಿ ನಾಲ್ಕನೇ ದಿನ. ಸೊಸೈಟಿಯ ಹುಳದ ಔಷಧಗಳನ್ನೆಲ್ಲ ಅಪಾಯದ ಪ್ರಕಾರ ವಿಂಗಡಿಸಿ ಬೇರೆ ಬೇರೆ ಇಡಬೇಕಂತೆ. ತಾಲೂಕಾ ಆಫೀಸಿನ ಸರ್ಕ್ಯುಲರ್. ಡಬ್ಬಿಯ ಮೇಲೊಂದು ಓರೆ ಚೌಕ, ಅದರ ಕೆಳಗಿನ ಅರ್ಧದ ಬಣ್ಣ ನೋಡಬೇಕು. ಕೆಂಪು ಅತಿ ವಿಷ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಎಂಡ್ರಿನ್ ಕೆಂಪು. ಡಿ.ಡಿ.ಟಿ. ಹಳದಿ. ಇಷ್ಟು ವರ್ಷ ಎರಡೂ ರೇಶನ್ ಸಕ್ಕರೆ ಚೀಲದ ಪಕ್ಕದಲ್ಲೇ ಇದ್ದವು... ಯಾರೂ ಕೇಳಿರಲಿಲ್ಲ. ರಿಜಿಸ್ಟರಿನಲ್ಲಿ ನಾಲ್ಕು ಕಾಲಂ ಹಾಕಿದೆ. ನನ್ನ ಅಕ್ಷರ ನನಗೇ ಚೆಂದ ಕಂಡಿತು.

ಸೆಕ್ರೆಟರಿ ಕುಬೇರಪ್ಪ ಬಾಗಿಲಲ್ಲೇ ನಿಂತು, ಮೂಗಿಗೆ ಧೋತರದ ಚುಂಗು ಹಿಡಿದು, "ತಿರಕಪ್ಪ, ಲಗೂ ಮುಗಸೋ ಮಾರಾಯಾ. ಸಾಹೇಬ್ರು ಯಾವಾಗರ ಬರ್ತಾರ" ಎಂದ. ತಾನು ಮಾತ್ರ ಒಳಗೆ ಕಾಲಿಡುವುದಿಲ್ಲ.

ಜೋಳದ ನುಸಿಗೆ ಹಾಕುವ ಗುಳಿಗೆ ಡಬ್ಬಿಗಳು ಹನ್ನೊಂದು. ತಲೆಬುರುಡೆ ಚಿತ್ರ, ಕೆಂಪು ಬಣ್ಣ. ನೀರು ತಾಗಿದರೆ ಬೆಂಕಿ ಹತ್ತೀತು ಎಂದಿದೆ. ಒಣ ಜಾಗದಲ್ಲಿ, ಮೇಲಿನ ಹಲಗೆಗೆ ಏರಿಸಿದೆ. ಜೊತೆಗೆ ನಾಲ್ಕು ಪುಟದ ಇಂಗ್ಲಿಷ್ ಕಾಗದ, ಇರುವೆ ಹರಿದಂಥ ಅಕ್ಷರ. ಮೊದಲ ಪುಟ ಓದಿದೆ. ಉಳಿದದ್ದು ಆಮೇಲೆ.

೮ ಅಕ್ಟೋಬರ್, ಬುಧವಾರ

ಶಂಭುಲಿಂಗಪ್ಪ ಗೌಡರು ಬಂದಿದ್ದರು. ಅವರ ಹಿತ್ತಲಿನ ಹಗೇವು, ನೆಲದೊಳಗಿನ ಜೋಳದ ಗುಂಡಿ, ಅರ್ಧ ಖಾಲಿಯಾಗಿದೆ, ಉಳಿದ ಜೋಳಕ್ಕೆ ನುಸಿ ಬಿದ್ದಿದೆ. ಗುಳಿಗೆ ಬೇಕು. ಜೊತೆಗೆ ಕರಿಸಿದ್ದಪ್ಪ. ಗುಡಗೇರಿಯಲ್ಲಿ ಯಾರ ಹಗೇವು ತೆಗೆದರೂ ಒಳಗಿಳಿಯುವವನು ಅವನೇ. ಅವನ ಅಪ್ಪನೂ ಇದೇ ಕೆಲಸ ಮಾಡಿದವನು.

ಗುಳಿಗೆ ಹಾಕಿ, ಮಣ್ಣು ಮೆತ್ತಿ, ಏಳು ದಿನ ಬಿಟ್ಟು ತೆಗೆಯಿರಿ ಎಂದೆ.

"ಇಳಿಯಾಕ ಏನೂ ತ್ರಾಸ ಇಲ್ಲಲ್ಲರಿ, ಮಾಸ್ತರ?" ಕರಿಸಿದ್ದಪ್ಪ ಕೇಳಿದ. ಸೊಸೈಟಿಯ ಗುಮಾಸ್ತನಾದರೂ ಊರಿಗೆ ನಾನು ಮಾಸ್ತರ. "ಯಾವಾಗಿನಂಗ ಕಂದೀಲ ಬಿಟ್ಟು ನೋಡಿ ಇಳದ್ರ ಆತಲ್ಲ?"

ಅದು ಇಲ್ಲಿಯ ಪದ್ಧತಿ. ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ಆರಿದರೆ ಕಾಯುತ್ತಾರೆ, ಉರಿದರೆ ಇಳಿಯುತ್ತಾರೆ. ಅಷ್ಟರಲ್ಲಿ ಕುಬೇರಪ್ಪ ಆ ಕಡೆಯಿಂದ ಕೂಗುತ್ತಿದ್ದ. ನನಗೆ ಗಡಿಬಿಡಿ.

"ಹೂಂ, ಕಂದೀಲ ಉರದ್ರ ಇಳಿ" ಎಂದೆ.

ಮೇಲಿನ ಹಲಗೆಯಿಂದ ಡಬ್ಬಿ ತೆಗೆದುಕೊಟ್ಟೆ. ಕಾಗದ ಗೋಡೌನಿನಲ್ಲೇ ಉಳಿಯಿತು. ಅವರಿಗೆ ಇಂಗ್ಲಿಷ್ ಕಾಗದದಿಂದ ಏನು ಉಪಯೋಗ.

೧೧ ಅಕ್ಟೋಬರ್, ಶನಿವಾರ

ರಿಜಿಸ್ಟರ್ ಮುಗಿಯಿತು. ಕೆಂಪು ಐದು ಬಗೆ, ಹಳದಿ ಏಳು. ಕುಬೇರಪ್ಪನಿಗೆ ತೋರಿಸಿದರೆ "ಅಗದಿ ಪ್ರಿಂಟ್ ಹೊಡದಂಗ ಐತಿ" ಎಂದ. ಹದಿನೈದಕ್ಕೆ ಕುಂದಗೋಳದಲ್ಲಿ ಟ್ರೇನಿಂಗ್ ಇದೆಯಂತೆ, ನಾನೇ ಹೋಗಬೇಕು. ಟಿ.ಎ. ಕೊಡುತ್ತಾರೋ ಇಲ್ಲವೋ.

ಹೆಂಡತಿ ರೇವವ್ವ ಊಟಕ್ಕೆ ಬಡಿಸಿ ದೂರ ಕುಳಿತಳು. ಮೂರು ಸಲ ಸಬಕಾರ ಹಚ್ಚಿದರೂ ನನ್ನ ಕೈ ವಾಸನೆ ಹೋಗಿಲ್ಲವಂತೆ. ಇರಲಿ. ಈ ಮನೆಗೆ ಜೋಳ ಬರುವುದು ಈ ಕೈಯಿಂದಲೇ.

೧೪ ಅಕ್ಟೋಬರ್, ದಸರೆ

ಸಂಜೆ ಕರಿಸಿದ್ದಪ್ಪ ಬಂದು ಬನ್ನಿ ಕೊಟ್ಟ, ಕಾಲು ಮುಟ್ಟಿದ. "ಬನ್ನಿ ತಗೊಂಡು ಬಂಗಾರಧಂಗ ಇರೂಣ್ರಿ." ಹೊಸ ರುಮಾಲು ಸುತ್ತಿದ್ದ. ಹೆಂಡತಿ ಮೈಲಾರವ್ವ ಸಂತೆಯಲ್ಲಿ ತಾನೇ ಆರಿಸಿ ತಂದಳೆಂದು ಎರಡು ಸಲ ಹೇಳಿದ. ನಾಳೆ ಗೌಡರ ಹಗೇವು ತೆಗೆಯುತ್ತಾರೆ.

೧೫ ಅಕ್ಟೋಬರ್, ಬುಧವಾರ. ಮಧ್ಯಾಹ್ನ ೧೨.೪೦, ಕುಂದಗೋಳ ಸ್ಟೇಶನ್

ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಧಾರವಾಡದಿಂದ ಬಂದ ಸಾಹೇಬರು ಅದೇ ಗುಳಿಗೆ ಡಬ್ಬಿ ಎತ್ತಿ ತೋರಿಸಿದರು. ಇದನ್ನು ಬೆಂಕಿಯ ಅಪಾಯ ಎಂದು ಒಂದು ಕಡೆ ಬರೆದು ಸುಮ್ಮನಾಗಬೇಡಿ ಎಂದರು. ಮುಚ್ಚಿದ ಜಾಗದಲ್ಲಿ ಇದು ಗ್ಯಾಸ್ ಬಿಡುತ್ತದೆ. ನುಸಿ ಸಾಯುವುದು ಅದರಿಂದಲೇ, ಮನುಷ್ಯನೂ ಸಾಯುತ್ತಾನೆ. ಎದ್ದು ನಿಂತು ಕೇಳಿದೆ, ಕಂದೀಲು ಬಿಟ್ಟು ನೋಡಿದರೆ ಗೊತ್ತಾಗುವುದಿಲ್ಲವೇ ಎಂದು.

"ಇಲ್ರಿ. ಗಾಳಿ ಕಡಿಮಿ ಇದ್ರ ದೀಪ ಆರ್ತದ. ಈ ಗ್ಯಾಸಿನ್ಯಾಗ ದೀಪ ಉರಕೋತನ ಇರ್ತದ. ಎರಡ ಮೂರ ದಿನ ಬಾಯಿ ತಗದ ಬಿಡಬೇಕು. ಯಾರರ ಗ್ಯಾಸ್ ಕುಡದ್ರ, ಆರಾಮ ಕಂಡ್ರೂ ಬಿಡಬ್ಯಾಡ್ರಿ. ಅವತ್ತ ದವಾಖಾನಿಗೆ ಒಯ್ಯಬೇಕು. ಎಷ್ಟೋ ತಾಸ ಕಳದ ಮ್ಯಾಲೆ ಎದಿ ಹಿಡೀತದ."

ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲದೆ, ಕೈಯಲ್ಲಿ ಹಿಡಿದು ಓಡಿ ಬಂದೆ. ಗುಡಗೇರಿ ಪೋಸ್ಟಿಗೆ ಟ್ರಂಕ್ ಕಾಲ್ ಹಚ್ಚಿಸಿದೆ, ಲೈನು ಸಿಗಲಿಲ್ಲ. ಗಾಡಿ ಒಂದೂ ಹತ್ತಕ್ಕೆ. ಹಗೇವು ತೆಗೆಯುವುದು ಬಿಸಿಲು ನೆತ್ತಿಗೆ ಬಂದಾಗ, ಬೆಳಕು ನೇರ ಒಳಗೆ ಬೀಳಲೆಂದು. ಈಗ ನೆತ್ತಿಯ ಮೇಲೇ ಇದೆ.

ಮೂರು ಪುಟ. ಉಳಿದ ಮೂರು ಪುಟ ಓದಿದ್ದರೆ...

ಅದೇ ದಿನ, ಸಂಜೆ ೬

ಬದುಕಿದ್ದಾನೆ.

ಗಾಡಿ ಟೈಮಿಗೆ ಸರಿಯಾಗಿ ಬಂತು. ಗೌಡರ ಹಿತ್ತಲಿಗೆ ಓಡಿದೆ. ಕರಿಸಿದ್ದಪ್ಪ ಬೇವಿನ ನೆರಳಿಗೆ ಕುಳಿತು ಮಜ್ಜಿಗೆ ಕುಡಿಯುತ್ತಿದ್ದ. ನನಗೆ ಅಳು ಬಂತು, ಬೆವರು ಒರೆಸಿಕೊಂಡಂತೆ ಮಾಡಿದೆ. ನಾಲ್ಕು ಚೀಲ ತುಂಬಿ ಮೇಲೆ ಬಂದನಂತೆ. ಒಳಗೆ ಬೆಳ್ಳುಳ್ಳಿ ವಾಸನೆ ಇತ್ತಂತೆ. ತಲೆ ತಿರುಗಿ ಎರಡು ಸಲ ವಾಂತಿ ಆಗಿದೆ.

"ಬಿಸಲ ಬಡದೈತ್ರಿ ಮಾಸ್ತರ. ಕಂದೀಲಂತೂ ಚಲೋ ಉರಿತಿತ್ತು" ಎಂದ.

ಗೌಡರು ನನ್ನ ಕಡೆ ನೋಡಿದರು. "ಯಾಕೋ ತಿರಕಪ್ಪ, ಓಡಿ ಬಂದಿ? ಏನರ ಐತೇನು?"

ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ಹೇಳಿದರೆ ಎಂಟನೇ ತಾರೀಖಿನ ಮಾತು ಬರುತ್ತದೆ. ಗೌಡರು ಸೊಸೈಟಿಯ ಡೈರೆಕ್ಟರು, ನನ್ನ ನೌಕರಿ ಅವರ ಕೈಯಲ್ಲಿದೆ. ಹಗೇವಿನ ಬಾಯಿ ಮೂರು ದಿನ ತೆರೆದೇ ಇರಲಿ, ಸಾಹೇಬರ ಆರ್ಡರ್ ಎಂದೆ. ಕರಿಸಿದ್ದಪ್ಪನಿಗೆ, ಬೇಕಾದರೆ ದವಾಖಾನೆಗೆ ಹೋಗಿ ಬಾ ಎಂದೆ.

"ಮಜ್ಜಿಗಿ ಕುಡದ್ರ ಆತ್ರಿ, ಇಷ್ಟಕ್ಕ ಯಾರ ಹೋಗ್ತಾರ."

ಇನ್ನೊಂದು ಸಲ ಹೇಳಲಿಲ್ಲ. ಮೂರೂವರೆಗೆ ಹುಬ್ಬಳ್ಳಿ ಗಾಡಿ ಇತ್ತು. ಅದು ಹೋದ ಸಪ್ಪಳ ನನ್ನ ಮನೆಯ ಪಡಸಾಲೆಯಲ್ಲಿ ಕುಳಿತು ಕೇಳಿದೆ. ಗಟ್ಟಿ ಆಳು. ಏನೂ ಆಗಲಿಕ್ಕಿಲ್ಲ. ಸಾಹೇಬರು ಹೆದರಿಸಲಿಕ್ಕೂ ಹೇಳಿರಬಹುದು.

೧೬ ಅಕ್ಟೋಬರ್

ಕರಿಸಿದ್ದಪ್ಪ ಹೋದ. ಕೋಳಿ ಕೂಗುವ ಹೊತ್ತಿಗೆ. ಉಸಿರು ಹತ್ತಲಿಲ್ಲವಂತೆ, ಬಾಯಲ್ಲಿ ನೊರೆ ಬಂತಂತೆ.

೨೨ ಅಕ್ಟೋಬರ್, ಬುಧವಾರ

ಊರೆಲ್ಲ ಒಂದೇ ಮಾತು, ಬಿಸಿಲು ಬಡಿಯಿತು, ಎದೆ ಹಿಡಿಯಿತು. ಯಾರೂ ಗುಳಿಗೆಯ ಹೆಸರು ಎತ್ತಿಲ್ಲ. ಕುಬೇರಪ್ಪ ಒಬ್ಬನೇ ಬಂದ. ಇವತ್ತು ಗೋಡೌನಿನ ಒಳಗೇ ಬಂದ.

"ನೀ ಏನರ ಹೇಳಿದ್ದೇನೋ ಅವಂಗ?"

"ಇಲ್ಲ."

"ಹಂಗಾದ್ರ ಸುಮ್ನಿರು. ಸತ್ತಾಂವ ಎದ್ದ ಬರೂದಿಲ್ಲ."

ಅವನು ಹೋದ ಮೇಲೆ ಆ ಕಾಗದ ತೆಗೆದು ಎಲ್ಲ ಓದಿದೆ. ಗ್ಯಾಸಿನ ಮಾತು ಮೂರನೇ ಪುಟದಲ್ಲಿದೆ. ಡಿಕ್ಶನರಿ ಬೇಕಾಗಲಿಲ್ಲ. ಎಂಟನೇ ತಾರೀಖಿಗೆ ನನಗೆ ಗೊತ್ತಿರಲಿಲ್ಲ, ಅದನ್ನು ತಪ್ಪು ಎನ್ನಬಹುದು. ಹದಿನೈದನೇ ತಾರೀಖಿಗೆ ಎಲ್ಲ ಗೊತ್ತಿತ್ತು. ಅದಕ್ಕೆ ಯಾವ ಕಾಲಂ? ಊಟ ಸೇರುತ್ತಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ.

೨೫ ಅಕ್ಟೋಬರ್, ಶನಿವಾರ. ಬೆಳಿಗ್ಗೆ ೧೧

ಮೈಲಾರವ್ವ ಬಂದಿದ್ದಾಳೆ. ಗೋಡೌನಿನ ಕಟ್ಟೆಯ ಮೇಲೆ ಕುಳಿತಿದ್ದಾಳೆ. ರೇಶನ್ ಕಾರ್ಡಿನಿಂದ ಗಂಡನ ಹೆಸರು ತೆಗೆಸಬೇಕಂತೆ. ಬರೆದುಕೊಟ್ಟೆ, ಹೆಬ್ಬೆಟ್ಟು ಒತ್ತಿದಳು. ಏಳಲಿಲ್ಲ.

"ಅವತ್ತ ಸಂಜೀಕ ಎದಿ ಭಾರ ಆಗೈತಿ ಅಂದ್ರು. ಗಾಡಿ ಕಟ್ಟಸ್ತೀನಿ, ಹುಬ್ಬಳ್ಳಿಗೆ ಹೋಗೂಣು ಅಂದೆ ನಾ. ಬ್ಯಾಡ ಅಂದ್ರು. ಮಾಸ್ತರು ಕುಂದಗೋಳದಿಂದ ಓಡಿ ಬಂದು ನೋಡಿ ಹೋಗ್ಯಾರ, ಓದಿದ ಮಂದಿ, ಏನರ ಇದ್ರ ಬಿಡತಿದ್ರೇನು ಅಂದ್ರು."

ಸೆರಗಿನಿಂದ ಮುಖ ಒರೆಸಿಕೊಂಡಳು. ಜಗಳದ ದನಿ ಅಲ್ಲ.

"ಯಾಕ ಓಡಿ ಬಂದಿದ್ರಿ, ಮಾಸ್ತರ?"

ನೀರು ತರುತ್ತೇನೆಂದು ಒಳಗೆ ಬಂದೆ. ತಂಬಿಗೆ ತುಂಬಿ ಇಟ್ಟಿದ್ದೇನೆ. ರಿಜಿಸ್ಟರಿನ ಮರೆಯಲ್ಲಿ ಈ ವಹಿ ಇಟ್ಟುಕೊಂಡು ಬರೆಯುತ್ತಿದ್ದೇನೆ, ಹೇಡಿ. ಕರೆಯುತ್ತಿದ್ದಾಳೆ. ಹೋಗುತ್ತೇನೆ. ಹೇಳುವುದು ಬಹಳ ಇಲ್ಲ. ನನಗೆ ಗೊತ್ತಿತ್ತು ಮೈಲಾರವ್ವ, ಅವನು ಮಜ್ಜಿಗೆ ಕುಡಿಯುವಾಗಲೇ ನನಗೆ