ಆನೆಕಿವಿಯ ಸದ್ದು

ಹುಡುಗಿಯರ ಹಾಸ್ಟೆಲು, ಚಾಮರಾಜನಗರ
ಭಾನುವಾರ, 16-11-2025

ಪ್ರೀತಿಯ ಅಪ್ಪಾ,

ಮೊಣಕಾಲು ನೋವು ಹೇಗಿದೆ? ಹೋದ ಸಲ ಕಳಿಸಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಜೊತೆಗೆ ಕಾಡು ಕಾಯುವ ವಾಚರುಗಳಿಗೆಲ್ಲ ದಾನ ಮಾಡಿ ನೀನು ಕುಂಟುತ್ತಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಪುಣಜನೂರಿನಲ್ಲಿ ಅವ್ವ ಚೆನ್ನಾಗಿದ್ದಾಳೆ. ಮೊನ್ನೆ ಫೋನಿನಲ್ಲಿ 'ನಿಮ್ಮಪ್ಪ ಆ ಕಾಡ್ನೇ ಕಟ್ಕಂಡವ್ನೆ ಬುಡು, ನನ್ನಲ್ಲ' ಎಂದು ಬೈದಳು. ಬೈಯುತ್ತಿದ್ದಾಳೆ ಅಂದರೆ ಆರೋಗ್ಯವಾಗಿದ್ದಾಳೆ. ಬಂಡೀಪುರದ ನಿನ್ನ ಕ್ಯಾಂಪಿಗೆ ಫೋನು ಸಿಕ್ಕುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ನನ್ನ ಕ್ಲಾಸಿನ ಶಾರುಖ್ ಸಂಜೆ ಬಸ್ಸಿಗೆ ಗುಂಡ್ಲುಪೇಟೆಗೆ ಹೋಗುತ್ತಾನೆ, ನಾಳೆ ನಿಮ್ಮ ರೇಷನ್ ಜೀಪಿನವರ ಕೈಗೆ ಕೊಡುತ್ತಾನೆ.

ಮಂಗಳವಾರ ನಮ್ಮ ಯೂನಿವರ್ಸಿಟಿಗೆ ಧಾರವಾಡದಿಂದ ಗಂಗಾಂಬಿಕೆ ಮೇಡಂ ಎಂಬುವರು ಅತಿಥಿಯಾಗಿ ಬಂದಿದ್ದರು. ಕಾಡಿನಲ್ಲಿ ಮೆಷೀನು ಇಟ್ಟುಬಂದು ಅಲ್ಲಿನ ಸದ್ದುಗಳನ್ನು ಹಿಡಿದು ಅಭ್ಯಾಸ ಮಾಡುವುದು ಅವರ ಕೆಲಸ. ಅತಿಥಿಗಳು ಬಂದರೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಹಿಂದಿನ ದಿನವೇ ಸೋಮಶೇಖರ್ ಸರ್ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಹಂಚುತ್ತಾರೆ, ನಾವು ಬಾಯಿಪಾಠ ಮಾಡಿಕೊಂಡು, ಈಗ ತಾನೇ ಹೊಳೆಯಿತೆಂಬ ಹಾಗೆ ಎದ್ದು ಕೇಳಬೇಕು. ಶಾರುಖ್ ಬಾಯಿಪಾಠ ಮಾಡಿರಲಿಲ್ಲ. ಎದ್ದವನೇ 'ಮೂರನೇ ಪ್ರಶ್ನೆ, ಯುವಜನರಿಗೆ ತಮ್ಮ ಸಂದೇಶವೇನು, ನಗುಮುಖದಿಂದ ಕೇಳುವುದು' ಎಂದು ಚೀಟಿಯಲ್ಲಿದ್ದುದನ್ನೆಲ್ಲ ಓದಿಬಿಟ್ಟ. ಸಭೆಯೆಲ್ಲ ಗೊಳ್ಳೆಂದಿತು, ಸರ್ ಮುಖ ಹುಳ್ಳಗಾಯಿತು. ಮೇಡಂ ಮಾತ್ರ ವೇದಿಕೆಯಿಂದ ಇಳಿದು ಬಂದು ನಮ್ಮ ಕುರ್ಚಿಗಳ ನಡುವೆ ನೆಲದ ಮೇಲೆ ಕೂತರು. ಚೀಟಿಗಳನ್ನು ಬ್ಯಾಗಿಗೆ ಹಾಕಿ, ಕಣ್ಣು ಮುಚ್ಚಿಕೊಳ್ಳಿ, ಕೇಳಿಸಿದ್ದರ ಬಗ್ಗೆ ಮಾತಾಡೋಣ ಎಂದರು.

ಲೈಟು ಆರಿಸಿ, ತಾವು ಹಿಡಿದು ತಂದ ಸದ್ದು ಹಾಕಿದರು. ಹೇಗೆ ಹೇಳಲಿ ಅಪ್ಪಾ, ಬೆಳಗಿನ ಕಾಡು ಸಭಾಂಗಣದೊಳಕ್ಕೆ ಬಂತು. ಇಬ್ಬನಿ ತೊಟ್ಟಿಕ್ಕುವುದು, ತೇಗದ ಎಲೆ ಮೆಲ್ಲಗೆ ನೆಲ ಮುಟ್ಟುವುದು, ಎಲ್ಲೋ ದೂರದಲ್ಲಿ ನವಿಲು. ಕುರ್ಚಿ, ಫ್ಯಾನು, ಬರುವ ತಿಂಗಳ ಪರೀಕ್ಷೆ ಎಲ್ಲವೂ ಕರಗಿಹೋದವು. ನಾನು ಏಳು ವರ್ಷದವಳಾಗಿ, ನಮ್ಮೂರ ಹಿಂದಿನ ಹಳ್ಳದ ಹತ್ತಿರ ನಿನ್ನ ಹೆಗಲ ಮೇಲಿದ್ದೆ. ನಿನ್ನ ಬೀಡಿಯ ವಾಸನೆ ಕೂಡ ಬಂತು. ಆ ಸದ್ದುಗಳ ನಡುವೆ ತಪ್, ತಪ್ ಎಂದು ಏನೋ ಮೆತ್ತಗೆ ಬಡಿಯುತ್ತಿತ್ತು, ಸ್ವಲ್ಪ ಹೊತ್ತಿಗೆ ನಿಂತಿತು. ಮೆಷೀನಿಗೆ ಹೊದಿಸಿದ ಬಟ್ಟೆ ಗಾಳಿಗೆ ಬಡಿದದ್ದು, ಗಾಳಿ ನಿಂತಾಗ ನಿಂತಿತು ಎಂದರು ಮೇಡಂ. ಆದರೆ ಎಲೆಗಳು ಇನ್ನೂ ಅಲುಗುತ್ತಿದ್ದವು, ನನಗೆ ಕೇಳುತ್ತಿತ್ತು. ನನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದೆ. ಅದು ಬಟ್ಟೆಯಲ್ಲ ಮೇಡಂ, ಆನೆಯ ಕಿವಿ. ಗಾಳಿ ಇದ್ದೇ ಇದೆ, ಕಿವಿ ಮಾತ್ರ ನಿಂತಿದೆ, ಯಾರೋ ಬರುತ್ತಿರುವುದು ಅದಕ್ಕೆ ತಿಳಿದಿದೆ ಎಂದೆ. 'ಸದ್ದು ನಿಂತ್ರೆ ಆನೆ ಓಯ್ತು ಅನ್ಕಬ್ಯಾಡ ಕಣಮ್ಮಿ, ಅದು ನಿಂತ್ಕಂಡು ನಿನ್ನೇ ಕೇಳ್ತಾ ಅದೆ' ಎನ್ನುತ್ತಿದ್ದೆಯಲ್ಲ, ಅದನ್ನೇ ಪುಸ್ತಕದ ಕನ್ನಡದಲ್ಲಿ ಹೇಳಿದೆ. ಮೇಡಂ ಮೂರು ಸಲ ಹಾಕಿ ಕೇಳಿದರು. ಮೂರನೇ ಸಲ ಮುಗಿದ ಮೇಲೆ ಲೈಟು ಹಾಕಿಸಿದರು. ಆ ಬೆಳಿಗ್ಗೆ ಮೆಷೀನು ಎತ್ತಿಕೊಳ್ಳಲು ಅಲ್ಲಿಗೆ ನಡೆದು ಬರುತ್ತಿದ್ದವಳು ನಾನೇ ಎಂದರು.

ಆಮೇಲೆ, ಇದನ್ನು ನಿನಗೆ ಯಾರು ಕಲಿಸಿದರು ಎಂದು ಕೇಳಿದರು. ಮುನ್ನೂರು ಜನ ನನ್ನ ಕಡೆ ತಿರುಗಿದರು. ನಮ್ಮಪ್ಪ ಅರಣ್ಯ ಇಲಾಖೆಯಲ್ಲಿದ್ದಾರೆ ಎಂದಷ್ಟೇ ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ಯಾರೋ ದೊಡ್ಡ ಸಾಹೇಬರಿರಬೇಕು ಎಂದುಕೊಂಡಿದ್ದಾರೆ, ನಾನೂ ಅಲ್ಲವೆಂದಿಲ್ಲ. ದಿನಗೂಲಿ ವಾಚರ್, ಓದಿದ್ದು ಏಳನೇ ಕ್ಲಾಸು ಎನ್ನಲು ನಾಲಿಗೆ ಏಳಲಿಲ್ಲ. ಒಂದು ಪುಸ್ತಕದಲ್ಲಿ ಓದಿದೆ ಎಂದುಬಿಟ್ಟೆ. ಯಾವ ಪುಸ್ತಕ ಎಂದರು. 'ಕಾಡಿನ ಸದ್ದುಗಳು' ಎಂದು ಬಾಯಿಗೆ ಬಂದದ್ದು ಹೇಳಿದೆ. ಅವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಿನ್ನದು ಅಪ್ಪಾ, ಕದ್ದವಳು ನಾನು.

ಅವತ್ತಿನಿಂದ ಅನ್ನ ಸೇರುತ್ತಿಲ್ಲ. ಮೇಡಂ ಎರಡು ಸಲ ಫೋನ್ ಮಾಡಿದ್ದಾರೆ. ಈಗ ಮೈಸೂರಿನಲ್ಲಿದ್ದಾರೆ, ಅಲ್ಲಿನ ಯಾವ ಲೈಬ್ರರಿಯಲ್ಲೂ ಆ ಪುಸ್ತಕ ಸಿಗುತ್ತಿಲ್ಲವಂತೆ, ಬರೆದವರ ಹೆಸರಾದರೂ ನೆನಪಿದೆಯೇ ಎನ್ನುತ್ತಾರೆ. ಅವರು ಬರೆಯುತ್ತಿರುವ ಪುಸ್ತಕದಲ್ಲಿ ಆ ಮಾತು ಸೇರಿಸಿ, ಹೇಳಿದವರ ಹೆಸರು ಹಾಕಬೇಕಂತೆ. ಹುಡುಕುತ್ತೇನೆ ಮೇಡಂ ಎಂದು ಎರಡು ಸಲವೂ ಫೋನ್ ಇಟ್ಟೆ. ನಿಜ ಹೇಳಿದರೆ ಹಾಸ್ಟೆಲಿನಲ್ಲಿ ಸುಳ್ಳುಬುರುಕಿ ಎನಿಸಿಕೊಳ್ಳುತ್ತೇನೆ. ಹೇಳದಿದ್ದರೆ ಇಲ್ಲದ ಪುಸ್ತಕದ ಹೆಸರು ಅಚ್ಚಾಗುತ್ತದೆ, ನಿನ್ನ ಹೆಸರು ಎಲ್ಲೂ ಇರುವುದಿಲ್ಲ. ನಿನ್ನ ಬಗ್ಗೆ ನನಗೆ ನಾಚಿಕೆಯಾಯಿತು, ಈಗ ಆ ನಾಚಿಕೆಯ ಬಗ್ಗೆಯೇ ನಾಚಿಕೆಯಾಗುತ್ತಿದೆ. ಬೈಯಬೇಕೆನಿಸಿದರೆ ಬೈದುಬಿಡು. ಸುಮ್ಮನಿರಬೇಡ, ನೀನು ಸುಮ್ಮನಾದರೆ ನನಗೆ ತಡೆಯಲಾಗುವುದಿಲ್ಲ.

ಚಳಿ ಶುರುವಾಗಿದೆ, ಬೆಳಿಗ್ಗೆ ಹೊರಡುವಾಗ ತಲೆಗೆ ಏನಾದರೂ ಸುತ್ತಿಕೋ. ಕ್ಯಾಂಪಿನ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು. ಬೆಟ್ಟದ ಸ್ವಾಮಿ ಮಾದಪ್ಪ ನಿಮ್ಮನ್ನೆಲ್ಲ ಕಾಯಲಿ.

ನಿನ್ನ ಮಗಳು,
ನಯನಾ

ವಿ.ಸೂ.: ಕಾಗದ ಮಡಿಸುವಷ್ಟರಲ್ಲಿ ಮೇಡಂ ಮತ್ತೆ ಫೋನ್ ಮಾಡಿದರು. ಹೇಳಿಬಿಟ್ಟೆ. ಪುಸ್ತಕ ಇಲ್ಲ, ಕಲಿಸಿದ್ದು ನಮ್ಮಪ್ಪ, ಬಂಡೀಪುರದಲ್ಲಿ ದಿನಗೂಲಿ ವಾಚರ್ ಎಂದೆ. ಹಾಗಾದರೆ ಅವರ ಪೂರ್ತಿ ಹೆಸರು ಹೇಳು, ನೋಟ್‌ಬುಕ್ಕಿನಲ್ಲಿ ತಿದ್ದಿಕೊಳ್ಳುತ್ತೇನೆ ಎಂದರು. ಪುಣಜನೂರು ಮಾದಣ್ಣ ಎಂದೆ. ಗುರುವಾರ ಬೆಳಿಗ್ಗೆ ಅವರು ನಿನ್ನ ಕ್ಯಾಂಪಿಗೆ ಬರುತ್ತಾರೆ, ಇಲಾಖೆಯ ಒಪ್ಪಿಗೆ ಇದೆಯಂತೆ. ಜೀಪಿನಲ್ಲಿ ನಮ್ಮ ಕ್ಲಾಸಿನ ಆರು ಜನಕ್ಕೆ ಜಾಗವಿದೆ. ಈ ಸಲ ಅತಿಥಿ ನೀನು, ಪ್ರಶ್ನೆ ಕೇಳುವವರು ನಾವು. ಪಟ್ಟಣದವರು ಬಂದರೆ ಗಸ್ತಿನ ನೆಪ ಹೇಳಿ ಕಾಡೊಳಕ್ಕೆ ಹೋಗಿಬಿಡುವ ಚಾಳಿ ನಿನಗಿದೆ. ಗುರುವಾರ ಹೋಗಬೇಡ ಅಪ್ಪಾ. ಇವರು ನಮ್ಮಪ್ಪ ಎಂದು ನಾನು ಎಲ್ಲರೆದುರು ಹೇಳಬೇಕು, ಆಗ ನೀನು ಅಲ್ಲಿರಬೇಕು.