ನೀಲಿ ಕಳೆದು ಉಳಿದ ಬೆಳಕು

೧೪ ಮಾರ್ಚ್

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಅಕ್ಕನನ್ನು ಬೈಯಬೇಡ. ಜೊತೆಗೆ ಕಳಿಸಿದ್ದ ಪ್ರಬಂಧವನ್ನು ನಾಲ್ಕು ಸಲ ಓದಿದೆ. ನಿನ್ನ ಭಾವ, "ಯಾವ ಪರೀಕ್ಷೆಗೆ ಕಟ್ಟಿದೀಯೇ, ಈ ವಯಸ್ಸಲ್ಲಿ?" ಎಂದು ರೇಗಿಸುತ್ತಾರೆ.

ನೀರು ಪರೀಕ್ಷೆಯ ಕೆಲಸದಿಂದ ನಿವೃತ್ತಳಾದರೂ ಜಲಮಂಡಳಿಯವರೊಂದಿಗೆ ನನ್ನ ಜಗಳ ನಿಂತಿಲ್ಲ. ನೀರಿನ ಕ್ರಿಮಿ ಕೊಲ್ಲುವ ಪಾದರಸದ ದೀಪಗಳನ್ನು ಐದು ವರ್ಷದಿಂದ ಬದಲಿಸಿಲ್ಲ. ಹೊಸ ಎಂಜಿನಿಯರ್ ದೀಪದ ಪೆಟ್ಟಿಗೆಯ ಕಿಂಡಿ ತೋರಿಸಿ, "ಉರೀತಾ ಇದೆಯಲ್ಲ ಮೇಡಂ, ನೀಲಿ ಕಾಣ್ತಿಲ್ವಾ?" ಎಂದ.

"ಕಾಣೋ ಬೆಳಕು ಕ್ರಿಮಿ ಕೊಲ್ಲಲ್ಲಪ್ಪ, ಕೊಲ್ಲೋ ಬೆಳಕು ಕಣ್ಣಿಗೆ ಕಾಣಲ್ಲ. ದೀಪ ಹಳೇದಾದ್ರೆ ಅದೇ ಮೊದಲು ಸಾಯೋದು. ನಿಮಗಿಂತ ಹಿಂದಿದ್ದ ಮೂವರಿಗೂ ಇದನ್ನೇ ಹೇಳಿ ಬಾಯಿ ನೋಯಿಸ್ಕೊಂಡಿದೀನಿ," ಎಂದೆ. ಹಲ್ಲು ಕಿರಿದ. ಹದಿನೇಳನೆಯ ಅರ್ಜಿ ಕೊಟ್ಟು ಬಂದೆ.

ಈಗ ನಿನ್ನ ಎಲ್‌ಇಡಿಯ ಮಾತು. ಕೂದಲಿನ ಸಾವಿರದಲ್ಲೊಂದು ಪಾಲು ದಪ್ಪದ ಕಡ್ಡಿಗಳನ್ನು ಬೆಳೆಸಿ, ಹರಳಿನೊಳಗೇ ಸಿಕ್ಕಿಬೀಳುತ್ತಿದ್ದ, ಕ್ರಿಮಿ ಕೊಲ್ಲುವ ಆ ಕಾಣದ ನೇರಳಾತೀತ ಬೆಳಕಿಗೆ ಹೊರದಾರಿ ಮಾಡಿದ್ದೀಯಲ್ಲ, ಓದಿ ಎದೆ ಉಬ್ಬಿತು. ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಹತ್ತು ಪಾಲು ಬೆಳಕಾಗುವವರೆಗೆ ಈ ಮನೆಗೆ ಬರುವುದಿಲ್ಲ ಎಂದು ಹೋದವಳು ನೀನು. ನನ್ನ ಮಗಳು ವಾಂತಿಭೇದಿಯಿಂದ ತೀರಿಕೊಂಡ ವರ್ಷ ಅದು. ಹನ್ನೊಂದು ವರ್ಷವಾಯಿತು. "ಹತ್ತು ದಾಟ್ತು ಅಕ್ಕಾ, ಮೇ ತಿಂಗಳಲ್ಲಿ ಬರ್ತೀನಿ" ಎಂದು ನೀನು ಬರೆದದ್ದನ್ನು ಓದಿದ ದಿನವೇ ನಿನ್ನ ಕೋಣೆಯ ಕಿಟಕಿ ತೆರೆದೆ, ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ.

ಆಮೇಲೆ ಪ್ರಬಂಧದ ಮೂರನೆಯ ಚಿತ್ರ, ದೀಪದ ಬೆಳಕಿನ ಗ್ರಾಫ್, ನೋಡಿದೆ. ನೇರಳಾತೀತದ ಚೂಪು ಶಿಖರದಾಚೆ, ನೀಲಿಯ ಕಡೆ, ಒಂದು ತಗ್ಗು ದಿಬ್ಬವಿದೆ. ಅಳೆಯುವಾಗ ನೀಲಿಯನ್ನು ತಡೆಯುವ ಫಿಲ್ಟರ್ ಇಟ್ಟಿದ್ದೆಯಾ? ಎಲ್ಲೂ ಹೇಳಿಲ್ಲ. ಆ ದಿಬ್ಬವನ್ನು ಕಳೆದರೆ ಉಳಿಯುವುದು ಏಳು, ಹೆಚ್ಚೆಂದರೆ ಏಳೂವರೆ.

ಈ ಒಂದು ಮಾತು ಬರೆಯಲಾರದೆ ಮೂರು ವಾರ ಕಳೆದೆ. ಬರೆಯದಿದ್ದರೆ ನೀನು ಖಂಡಿತ ಬರುತ್ತಿದ್ದೆ. ಆದರೆ ನಿನ್ನ ಅಂಕಿ ನಂಬಿ ಯಾವುದೋ ಊರಿನವರು ನೀರಿಗೆ ಆ ದೀಪ ಕೂರಿಸುತ್ತಾರೆ, ಯಾರದೋ ಮಗು ಕುಡಿಯುತ್ತದೆ.

ಏಳಕ್ಕೇ ಬಂದುಬಿಡು, ಗುಬ್ಬಿ. ಉಳಿದ ಮೂರನ್ನು ಆಮೇಲೆ ಹೋಗಿ ಹುಡುಕುವೆಯಂತೆ. ಸಂಜೆ ಗೇಟು ಸದ್ದಾದರೆ ಈಗಲೂ ನೀನೇ ಎನ್ನಿಸುತ್ತದೆ. ಕನ್ನಡಕವಿಲ್ಲದೆ ದೀಪದ ಮುಂದೆ ಕೂರಬೇಡ. ಕೈ ಹಾಕಿದ್ದೆಲ್ಲ ಫಲಿಸಲಿ, ಚೆನ್ನಾಗಿರು ಮಗಳೇ.

ನಿನ್ನ
ಅಕ್ಕ

ವಿ.ಸೂ.: ನನ್ನ ಮಗಳಿಗೆ ಅಂದು ಆ ನೀರು ಕುಡಿಸಿದವಳು ನೀನೇ ಎಂದುಕೊಂಡು ಇಷ್ಟು ವರ್ಷ ನೀನು ದೂರವೇ ಉಳಿದೆ. "ಕುದಿಸ್ಲಾ ಅಕ್ಕಾ?" ಎಂದು ನೀನು ಅಡುಗೆಮನೆಯಿಂದ ಕೂಗಿ ಕೇಳಿದ್ದೆ. "ಬೇಡ ಬಿಡೇ, ನಾನೇ ಟೆಸ್ಟ್ ಮಾಡಿದೀನಿ," ಎಂದೆ. ಮಾಡಿರಲಿಲ್ಲ. ಆ ವಾರ ನೀರಿನ ಮಾದರಿಯನ್ನೇ ತೆಗೆಯದೆ, ಹಿಂದಿನ ವಾರದ ಅಂಕಿ ಬರೆದು ಸಹಿ ಹಾಕಿದ್ದೆ. ನಿನ್ನ ಭಾವನಿಗೆ ಇದು ಗೊತ್ತಿಲ್ಲ. ಅವರಿಗೆ ಹೇಳುವಾಗ ನೀನು ಪಕ್ಕದಲ್ಲಿರಬೇಕು.